ಮಾನಸಗಂಗೋತ್ರಿಗೆ ಹೊರಡುವ ಮುನ್ನ

ಪದವಿ ತರಗತಿಯ ಕೊನೆಯ ಪರೀಕ್ಷೆ ಮುಗಿದು, ಫಲಿತಾಂಶ ಇನ್ನೂ ಪ್ರಕಟವಾಗದಿರುವ ದಿನಗಳಲ್ಲಿ ಗ್ರಾಮಾಂತರದ ಅನೇಕ ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಹುಡುಗನನ್ನೋ ಹುಡುಗಿಯನ್ನೋ ಮುಂದಕ್ಕೆ ಓದಿಸಬೇಕೆ, ಓದಿಸುವುದಾದರೆ ಎಲ್ಲಿಗೆ ಕಳುಹಿಸಬೇಕು, ಅಲ್ಲಿ ಊಟ ವಸತಿಗೆ ಏನು ಗತಿ, ಎರಡು ವರ್ಷ ಕಳೆದ ಮೇಲೆ ಕೈಗೆ ಸಂಬಳ ಬರುವುದೆಂದು ಹೇಳುವವರು ಯಾರು? ಇಂಥ ಸಂದರ್ಭದಲ್ಲಿ ಹಿರಿಯರು ಸಲಹೆ ಕೇಳಲು ಬರುವುದು ಊರಿನ ಶಾಲೆಯ ಉಪಾಧ್ಯಾಯರ ಬಳಿಗೆ, ಅಥವಾ ಮಠದ ವಿದ್ಯಾರ್ಥಿನಿಲಯದ ಹಳೆಯ ವಿದ್ಯಾರ್ಥಿಗಳ ಬಳಿಗೆ. ದಕ್ಷಿಣ ಕರ್ನಾಟಕದಲ್ಲಿ ಈ ಪ್ರಶ್ನೆಗೆ ಬಹುಕಾಲದಿಂದ ದೊರೆಯುತ್ತಿದ್ದ ಉತ್ತರ ಒಂದೇ: ಮೈಸೂರು. ಈ ಉತ್ತರವನ್ನು ಕೊಡುವವರು ಸದುದ್ದೇಶದಿಂದಲೇ ಕೊಡುತ್ತಾರೆ. ಆದರೆ ಅದರ ಅರ್ಥವೇನೆಂಬುದನ್ನು ಕೊಡುವವರೂ ಪಡೆಯುವವರೂ ಸಾಕಷ್ಟು ವಿಚಾರಿಸಿಲ್ಲವೆಂದೇ ಹೇಳಬೇಕಾಗಿದೆ.

ವಿಚಾರಿಸದಿರುವುದಕ್ಕೆ ಕಾರಣವೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರೆಂದು ಹೇಳಿಕೊಳ್ಳುವವರಲ್ಲಿ ಬಹುಪಾಲು ಜನ ಆ ವಿಶ್ವವಿದ್ಯಾನಿಲಯವನ್ನು ಕಂಡವರಲ್ಲ. ಅವರು ಓದಿದ್ದು ಹಾಸನದಲ್ಲಿ, ಮಂಡ್ಯದಲ್ಲಿ, ಶಿವಮೊಗ್ಗದಲ್ಲಿ, ಮಂಗಳೂರಿನಲ್ಲಿ, ಸಂಯೋಜಿತವಾದ ಯಾವುದೋ ಒಂದು ಕಾಲೇಜಿನಲ್ಲಿ. ವಿಶ್ವವಿದ್ಯಾನಿಲಯವೆಂದರೆ ಅವರಿಗೆ ಪ್ರಶ್ನೆಪತ್ರಿಕೆಯ ಮೇಲಿನ ಹೆಸರು, ಅಂಕಪಟ್ಟಿಯ ಮೇಲಿನ ಮುದ್ರೆ, ಕೊನೆಗೆ ಅಂಚೆಯಲ್ಲಿ ಬಂದ ಪದವಿಪತ್ರ. ಪರೀಕ್ಷೆ ನಡೆಸುವ ಕಚೇರಿಯನ್ನೇ ವಿಶ್ವವಿದ್ಯಾನಿಲಯವೆಂದು ಭಾವಿಸಿ ಬೆಳೆದವರು ಮಕ್ಕಳಿಗೂ ಅದನ್ನೇ ತೋರಿಸುವುದು ಸಹಜ. ಆದುದರಿಂದ ಸ್ನಾತಕೋತ್ತರ ತರಗತಿಗೆ ಹೋಗುವ ವಿದ್ಯಾರ್ಥಿ ಮೊದಲು ತಿಳಿಯಬೇಕಾದುದು, ತಾನು ಹೋಗುತ್ತಿರುವುದು ಇನ್ನೊಂದು ಕಾಲೇಜಿಗಲ್ಲ, ಬೇರೊಂದು ಜಾತಿಯ ಸಂಸ್ಥೆಗೆ ಎಂಬುದನ್ನು. ಈ ಭೇದ ಆ ಸಂಸ್ಥೆಯ ಹುಟ್ಟಿನಲ್ಲಿಯೇ ಇದೆ.

1916ಕ್ಕಿಂತ ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಾಗಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಾಗಲಿ ಸ್ವತಂತ್ರವಾಗಿರಲಿಲ್ಲ. ಎರಡೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಏನನ್ನು ಓದಬೇಕು, ಯಾರು ತೇರ್ಗಡೆಯಾಗಬೇಕು ಎಂಬುದೆಲ್ಲ ಸಂಸ್ಥಾನದ ಹೊರಗೆ ನಿರ್ಣಯವಾಗುತ್ತಿತ್ತು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಸ್ಥಿತಿ ಒಪ್ಪಿಗೆಯಾಗಲಿಲ್ಲ. ಬ್ಯಾಂಕು, ಸಾಹಿತ್ಯ ಪರಿಷತ್ತು, ಕಾರ್ಖಾನೆ, ಅಣೆಕಟ್ಟುಗಳ ಯೋಚನೆಯೊಡನೆಯೇ ನಾಡಿಗೆ ತನ್ನದೇ ವಿಶ್ವವಿದ್ಯಾನಿಲಯವಿರಬೇಕೆಂಬ ಯೋಚನೆಯೂ ಅವರ ಕಾಲದಲ್ಲಿ ರೂಪುಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಆಸರೆಯಾದರು. 1916ರ ಜುಲೈ 27ರಂದು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂದಿತು. ಮಹಾರಾಜರೇ ಕುಲಾಧಿಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಬ್ರಿಟಿಷರ ನೇರ ಆಡಳಿತಕ್ಕೆ ಒಳಪಡದ ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪಿತವಾದ ಮೊದಲನೆಯ ವಿಶ್ವವಿದ್ಯಾನಿಲಯ ಇದು. 1918ರಲ್ಲಿ ನಡೆದ ಪ್ರಥಮ ಘಟಿಕೋತ್ಸವದಲ್ಲಿ ಕಲ್ಕತ್ತೆಯ ಸರ್ ಆಶುತೋಷ ಮುಖರ್ಜಿಯವರು ಭಾಷಣ ಮಾಡಿದರು. ಅದೇ ವರ್ಷ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯ ವಿಶ್ವವಿದ್ಯಾನಿಲಯ ಉರ್ದುವನ್ನು ಬೋಧನಭಾಷೆಯಾಗಿ ಸ್ವೀಕರಿಸುವ ಸಾಹಸ ಮಾಡಿತು. ಮೈಸೂರು ಇಂಗ್ಲಿಷನ್ನೇ ಉಳಿಸಿಕೊಂಡಿತು. ಕನ್ನಡನಾಡಿನ ಮೊದಲ ವಿಶ್ವವಿದ್ಯಾನಿಲಯ ಆರಂಭದಲ್ಲಿಯೇ ತೋರದ ಧೈರ್ಯಕ್ಕೆ ಮುಂದಿನ ಎಷ್ಟೋ ತಲೆಮಾರಿನ ಹಳ್ಳಿಯ ಮಕ್ಕಳು ಬೆಲೆ ತೆತ್ತರೆಂಬುದನ್ನು ಮರೆಮಾಚಬೇಕಾದುದಿಲ್ಲ.

ಆದರೂ ಆ ಮೊದಲ ಇಪ್ಪತ್ತು ವರ್ಷಗಳ ಕಥೆ ಬೆರಗು ಹುಟ್ಟಿಸುವಂಥದು. ಸರ್ವೇಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದುದು ಪ್ರಸಿದ್ಧವಾದ ಸಂಗತಿ. ಎಂ. ಹಿರಿಯಣ್ಣನವರಂಥ ನಿರಾಡಂಬರ ವಿದ್ವಾಂಸರು ಅಲ್ಲಿ ಸಂಸ್ಕೃತ ಪಾಠ ಹೇಳಿದರು. ಬಂಗಾಳದ ಬ್ರಜೇಂದ್ರನಾಥ ಸೀಲರು 1921ರಲ್ಲಿ ಕುಲಪತಿಗಳಾಗಿ ಬಂದು ಸುಮಾರು ಒಂದು ದಶಕ ನಿಂತರು. 1924ರಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವೇ ಏರ್ಪಟ್ಟಿತು. ಆ ವಿಭಾಗದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ತಮ್ಮ ಶಾಸ್ತ್ರದ ಗಡಿಯನ್ನು ದಾಟಿ ಇಂಥ ಕೆಲಸಕ್ಕೆ ಕೈಹಾಕಲು ಸಾಧ್ಯವಾದ ವಾತಾವರಣ ಅಲ್ಲಿ ಆಗ ಇದ್ದಿತು. ಯಾವ ನಿಯಮಾವಳಿಯೂ ಅವರನ್ನು ಹಾಗೆ ಮಾಡೆಂದು ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ.

ಕನ್ನಡದ ಕಥೆ ಇದಕ್ಕಿಂತ ದೊಡ್ಡದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದುದು 1919ರಲ್ಲಿ, ಅನಂತರ ಅದು ವಿಶ್ವವಿದ್ಯಾನಿಲಯದ ಪತ್ರಿಕೆಯೇ ಆಯಿತು. 1927ರಲ್ಲಿ ಕನ್ನಡ ಎಂ.ಎ. ತರಗತಿ ತೆರೆಯಿತು. ಟಿ.ಎಸ್. ವೆಂಕಣ್ಣಯ್ಯನವರ ಶಿಷ್ಯರಾಗಿ ಆ ತರಗತಿಯಲ್ಲಿ ಕುಳಿತವರಲ್ಲಿ ಮಲೆನಾಡಿನ ಹಳ್ಳಿಯಿಂದ ಬಂದು ಶ್ರೀರಾಮಕೃಷ್ಣಾಶ್ರಮದಲ್ಲಿ ಆಶ್ರಯ ಪಡೆದಿದ್ದ ಕೆ.ವಿ. ಪುಟ್ಟಪ್ಪನವರೂ ಒಬ್ಬರು. ಅಧ್ಯಾಪಕರು ಹಳ್ಳಿಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡುವುದು, ಅವುಗಳನ್ನು ಸಣ್ಣ ಬೆಲೆಯ ಪುಸ್ತಕಗಳಾಗಿ ಅಚ್ಚು ಮಾಡಿಸುವುದು ರೂಢಿಯಾಯಿತು. ಖಗೋಳದಿಂದ ಹಿಡಿದು ಶಿಶುಪಾಲನೆಯವರೆಗೆ ಅವುಗಳಲ್ಲಿ ಬಾರದ ವಿಷಯವಿಲ್ಲ. ಬಿ.ಎಂ. ಶ್ರೀಕಂಠಯ್ಯನವರ ನೇತೃತ್ವವಿದ್ದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು. ಬೋಧನೆ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಸಂಸ್ಥೆಯಲ್ಲಿ ಕನ್ನಡದ ಇಷ್ಟು ಕೆಲಸ ನಡೆದುದು ಕೆಲವೇ ಅಧ್ಯಾಪಕರ ಹಟದಿಂದ.

ಆ ಆಶ್ರಮದ ಹುಡುಗನೇ 1956ರಲ್ಲಿ ಕುಲಪತಿಯಾದುದು, ಈ ವಿಶ್ವವಿದ್ಯಾನಿಲಯದಲ್ಲಿಯೇ ಓದಿದ ಪದವೀಧರನೊಬ್ಬ ಮೊದಲ ಬಾರಿಗೆ ಆ ಪೀಠಕ್ಕೇರಿದುದು, ಯಾವ ನಿಲಯದ ವಿದ್ಯಾರ್ಥಿಗೂ ತಿಳಿದಿರಬೇಕಾದ ವಿಷಯ. ಅಲ್ಲಿಯವರೆಗೆ ವಿಶ್ವವಿದ್ಯಾನಿಲಯಕ್ಕೆ ಕಾಲೇಜುಗಳಿದ್ದುವೇ ಹೊರತು ತನ್ನದೆನ್ನುವ ನೆಲೆ ಇರಲಿಲ್ಲ. ನಗರದ ಪಶ್ಚಿಮಕ್ಕೆ, ಕುಕ್ಕರಹಳ್ಳಿ ಕೆರೆಯ ಆಚೆಗೆ, ಉನ್ನತ ವ್ಯಾಸಂಗಕ್ಕೂ ಸಂಶೋಧನೆಗೂ ಮೀಸಲಾದ ಒಂದು ಆವರಣವನ್ನು ಕುವೆಂಪು ಕಲ್ಪಿಸಿದರು. ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. 1960ರಲ್ಲಿ ಅದು ಆರಂಭವಾಯಿತು. ಸುಮಾರು 739 ಎಕರೆಗಳ ಆ ನೆಲದಲ್ಲಿ ಇಂದು ವಿಜ್ಞಾನ, ಮಾನವಿಕ, ಸಮಾಜವಿಜ್ಞಾನ, ವಾಣಿಜ್ಯಗಳ ವಿಭಾಗಗಳು ಹರಡಿಕೊಂಡಿವೆ. ನದಿಯ ಮೂಲಕ್ಕೆ ಗಂಗೋತ್ರಿಯೆಂದು ಹೆಸರು; ನೀರು ಅಲ್ಲಿ ಹುಟ್ಟಿ ಬಯಲಿಗೆ ಇಳಿಯಬೇಕೆಂಬುದು ಆ ಹೆಸರಿನ ಆಶಯ. ಪಠ್ಯಪುಸ್ತಕವನ್ನು ಬಯಲಿನಲ್ಲಿ ಓದಬಹುದು, ಅದನ್ನು ಬರೆಯಲು ಬೇಕಾದ ತಿಳಿವು ಹುಟ್ಟುವ ಸ್ಥಳ ಬೇರೆ ಇರಬೇಕು. ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಇರುವ ಭೇದವನ್ನು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಕನ್ನಡದಲ್ಲಿ ಪದವಿ ತರಗತಿಯ ಬೋಧನೆ ನಡೆಯಬೇಕೆಂದೂ ಅದಕ್ಕೆ ತಕ್ಕ ವಿಜ್ಞಾನದ ಪುಸ್ತಕಗಳು ಸಿದ್ಧವಾಗಬೇಕೆಂದೂ ಅವರು ಪಟ್ಟ ಶ್ರಮವೂ ಈ ಆಶಯದ ಭಾಗವೇ.

1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪಿತವಾಯಿತು. ಅದರ ಆಶ್ರಯದಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಯಿತು. ಹದಿನಾಲ್ಕು ಸಂಪುಟಗಳು ಮುಗಿಯಲು ಮೂರು ದಶಕಗಳಿಗೂ ಮೀರಿದ ಕಾಲ ಹಿಡಿಯಿತು. ಬಿ.ಎಲ್. ರೈಸ್ ಹೊರತಂದಿದ್ದ ‘ಎಪಿಗ್ರಾಫಿಯ ಕರ್ನಾಟಿಕ’ ಶಾಸನ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸುವ ಕೆಲಸವೂ 1970ರ ದಶಕದಲ್ಲಿ ಇಲ್ಲಿಯೇ ಆರಂಭವಾಯಿತು. ಇಂಥ ಕೆಲಸಗಳಿಗೆ ಲಾಭವಿಲ್ಲ, ಅವಸರವಿಲ್ಲ, ಖಾಸಗಿ ಸಂಸ್ಥೆಯೊಂದು ಅವುಗಳನ್ನು ಕೈಗೆತ್ತಿಕೊಳ್ಳುವ ಸಂಭವವೂ ಕಡಿಮೆ. ಸರ್ಕಾರದ ಹಣದಿಂದ ನಡೆಯುವ ವಿಶ್ವವಿದ್ಯಾನಿಲಯ ಏಕೆ ಬೇಕೆಂದು ಕೇಳುವವರಿಗೆ ಆ ಸಂಪುಟಗಳ ಸಾಲನ್ನು ತೋರಿಸಿದರೆ ಸಾಕು.

ಇವೆಲ್ಲಕ್ಕೂ ಹಿಂದಿನದು ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಸಂಸ್ಥಾನದ ಪ್ರಾಚ್ಯ ಗ್ರಂಥಾಲಯವಾಗಿ ಹುಟ್ಟಿದ ಇದು 1916ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ತಾಳೆಯೋಲೆಯ ಕಟ್ಟೊಂದನ್ನು ಅಲ್ಲಿನ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. ಶತಮಾನಗಳಿಂದ ಹೆಸರು ಮಾತ್ರ ಉಳಿದು ಗ್ರಂಥವೇ ಕಾಣೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅವರು ಪ್ರಕಟಿಸಿದರು. ಪ್ರಾಚೀನ ಭಾರತದ ರಾಜ್ಯಾಡಳಿತವನ್ನು ಕುರಿತು ಲೋಕ ತಿಳಿದಿದ್ದುದೇ ಅಂದಿನಿಂದ ಬದಲಾಯಿತು. ದೊಡ್ಡ ಯಂತ್ರವೇನೂ ಅದಕ್ಕೆ ಬೇಕಾಗಿರಲಿಲ್ಲ. ಲಿಪಿ ಬಲ್ಲ ಒಬ್ಬ ಮನುಷ್ಯ, ಸಂಬಳ, ಬಿಡುವು, ಓಲೆಗಳನ್ನು ಇಡಲು ಒಂದು ಕಟ್ಟಡ, ಇಷ್ಟೇ ಬೇಕಾಗಿದ್ದುದು. ಮಠಗಳಿಗೆ ಸಂಬಂಧಪಟ್ಟವರು ಈ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ನಾಡಿನ ಅನೇಕ ಮಠಗಳ, ಮನೆತನಗಳ ಪೆಟ್ಟಿಗೆಗಳಲ್ಲಿ ವಚನ, ಪುರಾಣ, ವೈದ್ಯಗಳ ಓಲೆಗರಿಗಳು ಪೂಜೆಗೊಳ್ಳುತ್ತಿವೆಯೇ ಹೊರತು ಓದಲ್ಪಡುತ್ತಿಲ್ಲ. ಅವುಗಳನ್ನು ಓದಬಲ್ಲವರ ಸಂಖ್ಯೆ ಇಳಿಯುತ್ತಿದೆ. ಓಲೆಗೆ ವಯಸ್ಸಾಗುತ್ತದೆ, ಹುಳು ಕಾಯುವುದಿಲ್ಲ.

ಇನ್ನು ಹೊಗಳಿಕೆಯನ್ನು ನಿಲ್ಲಿಸಿ ಇಂದಿನ ಸ್ಥಿತಿಯನ್ನು ನೋಡಬೇಕು. ಒಂದು ಕಾಲಕ್ಕೆ ಇಡೀ ಹಳೆಯ ಮೈಸೂರಿಗೆ ಒಂದೇ ಆಗಿದ್ದ ವಿಶ್ವವಿದ್ಯಾನಿಲಯದ ಅಂಗಗಳು ಒಂದೊಂದಾಗಿ ಬೇರೆ ಮನೆ ಹೂಡಿದುವು. 1964ರಲ್ಲಿ ಸೆಂಟ್ರಲ್ ಕಾಲೇಜು ಬೆಂಗಳೂರು ವಿಶ್ವವಿದ್ಯಾನಿಲಯದ ಕೇಂದ್ರವಾಯಿತು. ಮಂಗಳಗಂಗೋತ್ರಿಯ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು, ಬಿ.ಆರ್. ಪ್ರಾಜೆಕ್ಟಿನ ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಾಯಿತು. 1969ರಲ್ಲಿ ಆರಂಭವಾಗಿದ್ದ ಅಂಚೆ ಶಿಕ್ಷಣ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಹೋಯಿತು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ತಮ್ಮ ಪ್ರತ್ಯೇಕ ವಿಶ್ವವಿದ್ಯಾನಿಲಯಗಳಿಗೆ ಸೇರಿದುವು. ಈಚಿನ ವರ್ಷಗಳಲ್ಲಿ ಹಾಸನ, ಚಾಮರಾಜನಗರ, ಕೊಡಗುಗಳಿಗೂ ಪ್ರತ್ಯೇಕ ವಿಶ್ವವಿದ್ಯಾನಿಲಯಗಳಾದುವು. ಮನೆ ಪಾಲಾಗುವುದು ಲೋಕರೂಢಿ. ಆದರೆ ಸಂಯೋಜಿತ ಕಾಲೇಜುಗಳ ಪರೀಕ್ಷಾಶುಲ್ಕದಿಂದ ಬರುತ್ತಿದ್ದ ಆದಾಯ ಪಾಲಾಗಿಹೋಯಿತು, ಹಿಂದಿನವರ ನಿವೃತ್ತಿವೇತನದ ಹೊರೆ ಹಿರಿಯ ಮನೆಯಲ್ಲಿಯೇ ಉಳಿಯಿತು. ಜಿಲ್ಲೆಗೊಂದು ವಿಶ್ವವಿದ್ಯಾನಿಲಯವೆಂಬ ಘೋಷಣೆ ಕೇಳಲು ಇಂಪಾಗಿದ್ದರೂ, ನಾಮಫಲಕಗಳನ್ನು ಹೆಚ್ಚಿಸಿದವರು ಅಧ್ಯಾಪಕರನ್ನು ಹೆಚ್ಚಿಸಲಿಲ್ಲವೆಂಬುದು ಕಣ್ಣಿಗೆ ಕಾಣುವ ಸತ್ಯ. ರಾಜ್ಯದ ಇತರ ಸರ್ಕಾರೀ ವಿಶ್ವವಿದ್ಯಾನಿಲಯಗಳಂತೆ ಮೈಸೂರಿನಲ್ಲಿಯೂ ನಿವೃತ್ತರಾದವರ ಸ್ಥಾನಗಳು ಬಹುಕಾಲ ಖಾಲಿ ಉಳಿದು, ಅತಿಥಿ ಉಪನ್ಯಾಸಕರು ಪಾಠದ ದೊಡ್ಡ ಭಾಗವನ್ನು ಹೊತ್ತಿದ್ದಾರೆ. ಅವರಲ್ಲಿ ಸಮರ್ಥರಿದ್ದಾರೆ. ಆದರೆ ಮುಂದಿನ ವರ್ಷ ತಾನು ಇರುವೆನೋ ಇಲ್ಲವೋ ಎಂದು ತಿಳಿಯದ ಅಧ್ಯಾಪಕನಿಂದ ಐದು ವರ್ಷದ ಸಂಶೋಧನೆಗೆ ಮಾರ್ಗದರ್ಶನ ನಿರೀಕ್ಷಿಸುವುದು ಹೇಗೆ?

ಆದ ಕಾರಣ ‘ನೂರು ವರ್ಷದ ವಿಶ್ವವಿದ್ಯಾನಿಲಯ, ಕಣ್ಣು ಮುಚ್ಚಿ ಸೇರು’ ಎಂಬ ಸಲಹೆ ಇನ್ನು ಮುಂದೆ ಸಲ್ಲದು. ವಿದ್ಯಾರ್ಥಿ ಸೇರುವುದು ವಿಶ್ವವಿದ್ಯಾನಿಲಯಕ್ಕಲ್ಲ, ಒಂದು ವಿಭಾಗಕ್ಕೆ. ಆ ವಿಭಾಗದಲ್ಲಿ ಖಾಯಂ ಆಗಿ ಇರುವವರು ಎಷ್ಟು ಜನ, ಅವರು ಕಳೆದ ಐದು ವರ್ಷಗಳಲ್ಲಿ ಏನನ್ನು ಬರೆದಿದ್ದಾರೆ, ಪ್ರಯೋಗಶಾಲೆಯ ಉಪಕರಣಗಳು ಕೆಲಸ ಮಾಡುತ್ತಿವೆಯೆ, ಗ್ರಂಥಾಲಯ ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಹಾಸ್ಟೆಲಿನಲ್ಲಿ ಸ್ಥಳ ಸಿಗುವುದೆ ಎಂಬುದನ್ನು ಅರ್ಜಿ ಹಾಕುವ ಮೊದಲು ತಿಳಿಯಬೇಕು. ಇವು ಉದ್ಧಟತನದ ಪ್ರಶ್ನೆಗಳಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡುವ ರೈತನ ಮಗನಿಗೆ ಇದನ್ನು ಹೇಳಿಕೊಡಬೇಕೆ? ಪಕ್ಕದಲ್ಲಿಯೇ ಇರುವ ಭಾರತೀಯ ಭಾಷಾ ಸಂಸ್ಥಾನ, ವಾಕ್ ಶ್ರವಣ ಸಂಸ್ಥೆ, ನಗರದಲ್ಲಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿವೇಕ. ಭಾಷಾವಿಜ್ಞಾನ ಓದುವವನಿಗೆ, ಆಹಾರ ವಿಜ್ಞಾನ ಓದುವವಳಿಗೆ ಈ ನೆರೆಹೊರೆಯಿಂದ ದೊರೆಯುವ ಲಾಭ ಬೇರೆ ಕಡೆ ಸುಲಭವಾಗಿ ದೊರೆಯದು. ಪದವಿಯ ಅವಧಿಯನ್ನು ಕುರಿತು 2021ರಿಂದ ಉಂಟಾಗಿದ್ದ ಗೊಂದಲ, 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಯನ್ನೇ ಮತ್ತೆ ಜಾರಿಗೆ ತಂದುದರಿಂದ ಒಂದು ಮಟ್ಟಿಗೆ ತೀರಿದೆ. ನಡುವಿನ ವರ್ಷಗಳಲ್ಲಿ ಸೇರಿದವರು ತಮಗೆ ಅನ್ವಯಿಸುವ ನಿಯಮವನ್ನು ಬರಹದಲ್ಲಿಯೇ ಕೇಳಿ ತಿಳಿಯುವುದು ಲೇಸು.

ಇಷ್ಟೆಲ್ಲ ಕೊರತೆಗಳಿರುವಲ್ಲಿಗೆ ಕಳುಹಿಸುವುದೇಕೆ, ನಗರದ ಖಾಸಗಿ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಬಾರದೆ ಎಂದು ದಾನಿಗಳಲ್ಲಿ ಕೆಲವರು ಕೇಳುತ್ತಾರೆ. ಹಣವುಳ್ಳವರಿಗೆ ಅದು ಪ್ರಶ್ನೆಯೇ ಅಲ್ಲ. ಹಣವಿಲ್ಲದವನಿಗೆ ಸರ್ಕಾರೀ ವಿಶ್ವವಿದ್ಯಾನಿಲಯವಲ್ಲದೆ ಬೇರೆ ಬಾಗಿಲಿಲ್ಲ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಇದಕ್ಕಿಂತ ಮುಖ್ಯವಾದುದು. ಶಾಸನ, ಓಲೆಗರಿ, ಜಾನಪದ, ಹಳೆಯ ಪತ್ರಿಕೆ, ನೂರು ವರ್ಷಗಳಿಂದ ಕೂಡಿಬಂದ ಪುಸ್ತಕ ಇವುಗಳನ್ನು ಹೊಸ ಸಂಸ್ಥೆ ಹಣ ಕೊಟ್ಟು ಕೊಳ್ಳಲಾರದು. ವಿಶ್ವವಿದ್ಯಾನಿಲಯ ಹುಟ್ಟಿದ 1916ರಲ್ಲಿಯೇ ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸರು ಮಹಾರಾಜಾ ಕಾಲೇಜಿನಲ್ಲಿ ಓದಿ, ಬೊಂಬಾಯಿ, ಆಕ್ಸ್‌ಫರ್ಡುಗಳಿಗೆ ಹೋಗಿ, 1948ರಲ್ಲಿ ಮರಳಿ ಬಂದು ಅಧ್ಯಯನಕ್ಕಾಗಿ ಕುಳಿತುದು ಮೈಸೂರಿನ ಸಮೀಪದ ಒಂದು ಹಳ್ಳಿಯಲ್ಲಿ. ಲೋಕವೆಲ್ಲ ಓದುವ ಸಮಾಜಶಾಸ್ತ್ರಕ್ಕೆ ಬೇಕಾದ ಸಾಮಗ್ರಿ ಆ ಹಳ್ಳಿಯ ಜಗಲಿಗಳ ಮೇಲೆ ಇದ್ದಿತು. ಹಳ್ಳಿಯಿಂದ ಬರುವ ವಿದ್ಯಾರ್ಥಿ ತನ್ನಲ್ಲಿ ಇಲ್ಲದುದನ್ನು ನೆನೆದು ಕುಗ್ಗುತ್ತಾನೆ. ಅವನಲ್ಲಿ ಇರುವುದು, ಎಂದರೆ ಬೆಳೆ, ಬಿತ್ತನೆ, ಕುಲಕಸುಬು, ಆಡುಮಾತು, ಹಾಡುಗಳ ತಿಳಿವು, ಸಂಶೋಧನೆಯ ಬಂಡವಾಳವೆಂದು ಅವನಿಗೆ ಯಾರಾದರೂ ಮೊದಲೇ ಹೇಳಿದ್ದರೆ ಒಳಿತಾಗುತ್ತಿತ್ತು. ಇಂಗ್ಲಿಷಿನ ತೊಡಕು ನಿಜ. ವಿಜ್ಞಾನದ ವಿದ್ಯಾರ್ಥಿಗೆ ಅದು ಮೊದಲ ವರ್ಷದಲ್ಲಿ ಬೆನ್ನು ಮುರಿಯುವಷ್ಟು ನಿಜ. ಪ್ರೌಢಶಾಲೆಯಲ್ಲಿಯೇ ಇಂಗ್ಲಿಷನ್ನು ಓದಿ ಅರ್ಥ ಮಾಡಿಕೊಳ್ಳುವ ಅಭ್ಯಾಸವಾಗದಿದ್ದರೆ ಮಾನಸಗಂಗೋತ್ರಿಯಲ್ಲಿ ಆಗುವುದೆಂದು ಆಶಿಸುವುದು ತಪ್ಪು, ಮತ್ತು ಈ ತಪ್ಪು ವಿದ್ಯಾರ್ಥಿಯದಲ್ಲ.

ಉಚಿತ ವಿದ್ಯಾರ್ಥಿನಿಲಯಗಳನ್ನು ನಡೆಸಿ ಹಳ್ಳಿಯ ಮಕ್ಕಳಿಗೆ ಮೈಸೂರಿನ ಬಾಗಿಲನ್ನು ತೆರೆದ ಕೀರ್ತಿ ಸುತ್ತೂರು ಮಠವೇ ಮೊದಲಾದ ಸಂಸ್ಥೆಗಳಿಗೆ ಸಲ್ಲುತ್ತದೆ. ಅನ್ನ ದಾಸೋಹದಿಂದ ಎರಡು ವರ್ಷದ ಎಂ.ಎ. ಮುಗಿಯುತ್ತದೆ. ಕಷ್ಟ ಆರಂಭವಾಗುವುದು ಅದರ ಮುಂದೆ. ಸಂಶೋಧನೆಗೆ ಸೇರಿದವನಿಗೆ ಯು.ಜಿ.ಸಿ.ಯ ಶಿಷ್ಯವೇತನ ದೊರೆತರೆ ಬದುಕು ಸಾಗುತ್ತದೆ; ದೊರೆಯದಿದ್ದರೆ ಮನೆಯಲ್ಲಿ ತಂಗಿಯ ಮದುವೆ, ತಂದೆಯ ಸಾಲ, ‘ಇನ್ನೂ ಓದುತ್ತಿದ್ದಾನೆಯೆ?’ ಎಂಬ ನೆಂಟರ ಮಾತು ಇವುಗಳ ನಡುವೆ ಒಂದೆರಡು ವರ್ಷದಲ್ಲಿ ಕೈಬಿಟ್ಟು ಸಿಕ್ಕಿದ ನೌಕರಿಗೆ ಹೋಗುತ್ತಾನೆ. ಹೀಗೆ ಅರ್ಧಕ್ಕೆ ನಿಂತ ಪ್ರಬಂಧಗಳನ್ನು ಯಾರೂ ಎಣಿಸುವುದಿಲ್ಲ. ದಾನಿಗಳು ಹೆಸರು ಕೆತ್ತಿಸಬಹುದಾದ ಕೊಠಡಿಗಳಿಗೆ ಉದಾರವಾಗಿ ಕೊಡುತ್ತಾರೆ. ಕೊಠಡಿಗಳು ಬೇಕು. ಆದರೆ ಒಬ್ಬ ಸಂಶೋಧನ ವಿದ್ಯಾರ್ಥಿಗೆ ನಾಲ್ಕು ವರ್ಷ ಸಾಧಾರಣ ಜೀವನಕ್ಕೆ ಸಾಕಾಗುವಷ್ಟು ಕೊಡುವುದಕ್ಕೆ ಒಂದು ಕೊಠಡಿಗೆ ತಗಲುವಷ್ಟೂ ಖರ್ಚಾಗಲಾರದು. ಮಠಗಳ ಪೆಟ್ಟಿಗೆಯಲ್ಲಿರುವ ಓಲೆಗರಿಗಳನ್ನು ಓದಲು ಕಲಿಯುವ ಇಬ್ಬರಿಗೆ ಇಂಥ ನೆರವು ದೊರೆತರೂ ಹತ್ತು ವರ್ಷಗಳಲ್ಲಿ ಏನಾಗಬಹುದೆಂದು ಯೋಚಿಸಬೇಕು.

ಉಪಾಧ್ಯಾಯರು ಮಾಡಬಹುದಾದುದೂ ಒಂದಿದೆ, ಅದಕ್ಕೆ ಖರ್ಚೇ ಇಲ್ಲ. ಶಾಲೆಗಳ ಮೈಸೂರು ಪ್ರವಾಸದಲ್ಲಿ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಬೃಂದಾವನಗಳು ತಪ್ಪುವುದಿಲ್ಲ. ಮಕ್ಕಳನ್ನು ಹೊತ್ತ ಬಸ್ಸು ಹುಣಸೂರು ರಸ್ತೆಯಲ್ಲಿ ಹಾದುಹೋಗುವಾಗ ಮಾನಸಗಂಗೋತ್ರಿಯ ಮುಂದೆ ನಿಲ್ಲುವುದೇ ಇಲ್ಲ. ಅರ್ಧ ದಿನ ಅಲ್ಲಿ ನಿಲ್ಲಿಸಬಹುದು. ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ಅದಿಲ್ಲದಿದ್ದರೆ ಯಾವುದಾದರೂ ಒಂದು ಪ್ರಯೋಗಶಾಲೆಯ ಬಾಗಿಲವರೆಗೆ, ಇಲ್ಲವೇ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹಳೆಯ ಕಟ್ಟಡದವರೆಗೆ ಮಕ್ಕಳನ್ನು ಕರೆದೊಯ್ದರೂ ಆದೀತು. ತಾಳೆಯೋಲೆಯ ಮುಂದೆ ಬಾಗಿ ಕುಳಿತು ಒಂದೊಂದೇ ಅಕ್ಷರ ಓದುತ್ತಿರುವವರನ್ನು ಕಂಡ ಎಂಟನೆಯ ತರಗತಿಯ ಮಗು, ಇವರು ಯಾರು, ಇವರಿಗೆ ಇದಕ್ಕೆ ಸಂಬಳ ಕೊಡುತ್ತಾರೆಯೆ ಎಂದು ಕೇಳದೆ ಇರದು.